ಅಂಜಿಕೆ ಹೋದ ಮೇಲೆ ಉಳಿಯುವ ಹಾಡು

ದೆವ್ವದ ಸಿನಿಮಾ ನೋಡಿ ಬಂದವರು ಎರಡು ದಿನ ಅಂಜುತ್ತಾರೆ. ಮೂರನೆಯ ದಿನ ಆ ಅಂಜಿಕೆ ತಾನಾಗಿಯೇ ಇಳಿದು ಹೋಗಿ, ರಾತ್ರಿ ಹಿತ್ತಲಿಗೆ ಒಬ್ಬರೇ ಹೋಗುವ ಧೈರ್ಯ ಬರುತ್ತದೆ. ಆದರೆ ಕೆಲವು ಚಿತ್ರಗಳು ಹಾಗಲ್ಲ. ಅಂಜಿಕೆ ಹೋದ ಮೇಲೂ ಏನೋ ಒಂದು ಎದೆಯೊಳಗೆ ಕೂತುಬಿಡುತ್ತದೆ. ಅದೇನೆಂದು ಹುಡುಕುತ್ತ ಹೋದರೆ ಬಹಳ ಸಲ ಸಿಗುವುದು ಒಂದು ಹಾಡು. ಹೆದರಿಸುವ ಕಥೆಯ ಕೊನೆಗೆ ಅಳುವ ಹಾಡು ಯಾಕೆ ಬೇಕಾಯಿತು? ಈ ಪ್ರಶ್ನೆ ನನ್ನನ್ನು ಬಹಳ ವರ್ಷ ಕಾಡಿದೆ. ನಾನು ಸಿನಿಮಾ ಪಂಡಿತಳಲ್ಲ. ಜಮಖಂಡಿ, ಬನಹಟ್ಟಿಯ ಕಡೆ ಮಕ್ಕಳಿಗೆ ಕನ್ನಡ, ಇತಿಹಾಸ ಹೇಳಿಕೊಡುತ್ತ ಬಂದವಳು. ಆದ್ದರಿಂದ ಈ ಪ್ರಶ್ನೆಗೆ ಉತ್ತರವನ್ನೂ ನಮ್ಮ ನೆಲದ ಮೇಲೆಯೇ ಹುಡುಕಿದ್ದೇನೆ.

ಮೊದಲು ಎಲ್ಲರಿಗೂ ಗೊತ್ತಿರುವ ಚಿತ್ರದಿಂದಲೇ ಹೊರಡೋಣ. 2004ರಲ್ಲಿ ಬಂದ 'ಆಪ್ತಮಿತ್ರ'. ದ್ವಾರಕೀಶ್ ನಿರ್ಮಾಪಕರು, ಪಿ. ವಾಸು ನಿರ್ದೇಶಕರು, ಗುರುಕಿರಣ್ ಸಂಗೀತ. ಅದರ ಬೇರು 1993ರ ಮಲಯಾಳಂ ಚಿತ್ರ 'ಮಣಿಚಿತ್ರತ್ತಾಳ್'. ಫಾಜಿಲ್ ನಿರ್ದೇಶಿಸಿದ ಆ ಚಿತ್ರಕ್ಕಾಗಿ ಶೋಭನಾ ರಾಷ್ಟ್ರಪ್ರಶಸ್ತಿ ಪಡೆದರು. ಕನ್ನಡದ ಮೇಲೆ ಅದೇ ಕಥೆ 2005ರಲ್ಲಿ ತಮಿಳಿನಲ್ಲಿ 'ಚಂದ್ರಮುಖಿ'ಯಾಯಿತು, 2007ರಲ್ಲಿ ಹಿಂದಿಯಲ್ಲಿ 'ಭೂಲ್ ಭುಲಯ್ಯಾ' ಆಯಿತು. ಕಥೆ ಗೊತ್ತಿದ್ದದ್ದೇ. ಹಳೆಯ ಕಾಲದ ದೊಡ್ಡ ಮನೆ, ಅದರಲ್ಲೊಂದು ಬೀಗ ಹಾಕಿದ ಕೋಣೆ. ರಾಜನೊಬ್ಬ ತೆಲುಗು ಸೀಮೆಯಿಂದ ತಂದಿಟ್ಟುಕೊಂಡಿದ್ದ ನಾಗವಲ್ಲಿ ಎಂಬ ನರ್ತಕಿ ಅಲ್ಲಿ ಸತ್ತಿದ್ದಾಳೆ. ಅವಳು ಪ್ರೀತಿಸಿದವನನ್ನೂ ರಾಜ ಕೊಲ್ಲಿಸಿದ್ದಾನೆ. ಆ ಮನೆಗೆ ಬಂದ ಗಂಗಾ ಎಂಬ ಸೊಸೆ ಆ ಕಥೆಯನ್ನು ತನ್ನದೇ ಮಾಡಿಕೊಂಡು, ನಾಗವಲ್ಲಿ ತಾನೇ ಎಂದು ನಂಬತೊಡಗುತ್ತಾಳೆ. ದೆವ್ವ ಇರುವುದು ಮನೆಯಲ್ಲಲ್ಲ, ಮನಸ್ಸಿನಲ್ಲಿ ಎಂದು ಕಂಡುಹಿಡಿಯುವವರು ವಿಷ್ಣುವರ್ಧನ್ ಮಾಡಿದ ವೈದ್ಯ.

ಚಿತ್ರ ಮುಗಿಯುವ ಹೊತ್ತಿಗೆ 'ರಾ ರಾ' ಎಂಬ ಹಾಡು ಬರುತ್ತದೆ. ಅದು ಶೋಕಗೀತೆಯೇನಲ್ಲ, ಕುಣಿಯುವ ಹಾಡು, ಗೆಜ್ಜೆಯ ಹಾಡು. ಆದರೆ ಸ್ವಲ್ಪ ನಿಂತು ವಿಚಾರ ಮಾಡಿ. ಕರೆಯುತ್ತಿರುವವಳು ಎಂದೋ ಸತ್ತವಳು. ಬಾ ಎಂದು ಯಾರನ್ನು ಕರೆಯುತ್ತಾಳೋ ಅವನೂ ಸತ್ತವನು. ಅವಳ ಕಣ್ಣಿಗೆ ದೀಪ ಹಚ್ಚಿದ ದರಬಾರು ಕಾಣುತ್ತದೆ, ಉಳಿದವರ ಕಣ್ಣಿಗೆ ಹಳೆಯ ಖಾಲಿ ಹಜಾರ. ಯಾರೂ ಬರಲಾರದ ಜಾಗದಲ್ಲಿ ನಿಂತು ಒಬ್ಬಳು ಬಾ ಬಾ ಎನ್ನುತ್ತಿದ್ದಾಳೆ. ಅಲ್ಲಿಯವರೆಗೆ ಅವಳಿಗೆ ಅಂಜುತ್ತಿದ್ದ ನಾವು ಅಲ್ಲಿ ಅವಳಿಗಾಗಿ ಅಂಜತೊಡಗುತ್ತೇವೆ. ಹಾಡು ಮಾಡಿದ ಕೆಲಸ ಇದು.

ಇನ್ನೊಂದು ಮಾತು. ಆ ಹಾಡು ಕನ್ನಡದಲ್ಲಿಲ್ಲ, ತೆಲುಗಿನಲ್ಲಿದೆ. ಮಲಯಾಳಂ ಚಿತ್ರದಲ್ಲಿ ನರ್ತಕಿ ತಂಜಾವೂರಿನಿಂದ ಬಂದವಳು, ಅವಳ ಬಾಯಲ್ಲಿ ತಮಿಳು ಬರುತ್ತದೆ. ತಮಿಳು ಚಿತ್ರದಲ್ಲಿ ಮತ್ತೆ ತೆಲುಗು, ಹಿಂದಿಯಲ್ಲಿ ಬಂಗಾಳಿ. ಎಲ್ಲ ಕಡೆಯೂ ನೊಂದ ಹೆಣ್ಣು ಆ ಮನೆಯವರ ಭಾಷೆ ಆಡುವುದಿಲ್ಲ. ಅವಳ ದುಃಖ ಅವರ ಕಿವಿಗೆ ಬೀಳುತ್ತದೆ, ತಿಳಿಯುವುದಿಲ್ಲ. ತಿಳಿಯದ ದುಃಖಕ್ಕೆ ನಾವು ಇಟ್ಟ ಹೆಸರೇ ದೆವ್ವ.

ಈ ಬಗೆಯ ಕಥನ ನಮಗೆ ಹೊಸದಲ್ಲ. ಮುಧೋಳದ ರನ್ನನನ್ನು ನೋಡಿ. ಬಳೆಗಾರರ ಮನೆಯಲ್ಲಿ ಹುಟ್ಟಿ, ಹತ್ತನೆಯ ಶತಮಾನದ ಕೊನೆಯಲ್ಲಿ ಚಾಲುಕ್ಯರ ಆಸ್ಥಾನಕ್ಕೆ ಏರಿದವನು. ಅವನ 'ಗದಾಯುದ್ಧ'ದಲ್ಲಿ ದುರ್ಯೋಧನ ಸಂಜಯನ ಜೊತೆ ರಣಭೂಮಿಯನ್ನು ದಾಟಿ ಭೀಷ್ಮನ ಬಳಿಗೆ ಹೋಗುತ್ತಾನೆ. ಕಾಲಿಟ್ಟಲ್ಲಿ ಹೆಣ, ನೆತ್ತರು, ಮುರಿದ ರಥ. ಮರುಳುಗಳು ಎದುರು ನಿಂತು ಚಕ್ರವರ್ತಿಯನ್ನೇ ಗೇಲಿ ಮಾಡುತ್ತವೆ. ಸಾವಿರ ವರ್ಷದ ಹಿಂದೆ ಕನ್ನಡದಲ್ಲಿ ಬರೆದ ಭಯಂಕರ ದೃಶ್ಯ ಅದು. ಆದರೆ ರನ್ನ ಅಷ್ಟಕ್ಕೇ ನಿಲ್ಲಿಸಿದ್ದರೆ ನಾವು ಅವನನ್ನು ಇಂದು ಓದುತ್ತಿರಲಿಲ್ಲ. ಆ ಹೆಣಗಳ ನಡುವೆ ದುರ್ಯೋಧನನಿಗೆ ಗುರು ದ್ರೋಣ ಕಾಣುತ್ತಾನೆ, ಮಗ ಲಕ್ಷಣಕುಮಾರ ಕಾಣುತ್ತಾನೆ, ತಮ್ಮ ದುಶ್ಶಾಸನ ಕಾಣುತ್ತಾನೆ, ಕೊನೆಗೆ ಗೆಳೆಯ ಕರ್ಣ. ಒಬ್ಬೊಬ್ಬರ ಮುಂದೆಯೂ ನಿಂತು ಅವನು ಅಳುತ್ತಾನೆ. ವೈರಿಯ ಮಗ ಅಭಿಮನ್ಯುವಿನ ಹೆಣಕ್ಕೂ ಕೈ ಮುಗಿಯುತ್ತಾನೆ. ಆ ವಿಲಾಪ ಬರುವತನಕ ಅದು ರಣಭೂಮಿ, ಬಂದ ಮೇಲೆ ಅದು ಒಬ್ಬ ಮನುಷ್ಯನ ಮನಸ್ಸು. ತರಗತಿಯಲ್ಲಿ ಈ ಭಾಗ ಓದುವಾಗ ಮರುಳುಗಳ ಮಾತಿಗೆ ನಗುವ ಹುಡುಗರು ಕರ್ಣನ ಪದ್ಯಕ್ಕೆ ಬಂದಾಗ ಸುಮ್ಮನಾಗುವುದನ್ನು ನಾನು ವರ್ಷವರ್ಷವೂ ನೋಡಿದ್ದೇನೆ.

ಮೊಹರಮ್ಮಿನ ಕಡೆಗೂ ಒಮ್ಮೆ ನೋಡಬೇಕು. ನಮ್ಮ ಹಳ್ಳಿಗಳಲ್ಲಿ ಅಲಾಯಿ ದೇವರ ಮುಂದೆ ಹಿಂದೂ, ಮುಸಲ್ಮಾನ ಎನ್ನದೆ ಹೆಜ್ಜೆ ಹಾಕಿ ರಿವಾಯತ ಪದ ಹಾಡುತ್ತಾರೆ. ಕರ್ಬಲಾದ ಕೊಲೆಯ ಕಥೆ ಅದು. ನೀರಿಲ್ಲದೆ ಬಾಯಾರಿದ ಮಕ್ಕಳ ಸಂಕಟ, ತಾಯಂದಿರ ಗೋಳು. 'ಕತ್ಲ್' ಎಂದರೆ ಕೊಲೆ. ಆ ರಾತ್ರಿಯನ್ನು ನಮ್ಮ ಜನ 'ಕತ್ತಲ ರಾತ್ರಿ' ಮಾಡಿಕೊಂಡಿದ್ದಾರೆ. ಅರಬ್ಬಿ ಮಾತು ಕನ್ನಡದ ಕತ್ತಲೆಯಾದದ್ದು ಎಷ್ಟು ಸಹಜ ನೋಡಿ! ಆ ಕತ್ತಲೆಯಲ್ಲಿ ಬೆಂಕಿಯ ಕುಣಿ ಉರಿಯುತ್ತಿರುವಾಗ ಮಕ್ಕಳು ಅಂಜಿ ಅವ್ವನ ಸೆರಗು ಹಿಡಿಯುತ್ತವೆ. ಪದ ಶುರುವಾದ ಮೇಲೆ ಅದೇ ಅವ್ವ ಅದೇ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾಳೆ. ಹೆದರಿಕೆಯ ಕಥೆಯನ್ನು ಅಳುವಿನಿಂದ ಮುಗಿಸುವ ಪದ್ಧತಿ ಸಿನಿಮಾದವರು ಕಂಡುಹಿಡಿದದ್ದಲ್ಲ.

ಸಿನಿಮಾದಲ್ಲಿ ಆ ಪದ್ಧತಿಗೆ ದೊಡ್ಡ ಹೆಸರು ತಂದದ್ದು 1949ರ ಹಿಂದಿ ಚಿತ್ರ 'ಮಹಲ್'. ಕಮಾಲ್ ಅಮ್ರೋಹಿ ನಿರ್ದೇಶನ, ಖೇಮಚಂದ್ ಪ್ರಕಾಶ್ ಸಂಗೀತ, ಬಾಂಬೆ ಟಾಕೀಸ್ ಚಿತ್ರ. ಪಾಳುಬಿದ್ದ ಮಹಲಿನಲ್ಲಿ ಒಂದು ಹೆಣ್ಣಿನ ದನಿ ಕೇಳುತ್ತದೆ. ಅದು ಕಾಯುವಿಕೆಯ ಹಾಡು. ಹಾಡಿದವರು ಲತಾ ಮಂಗೇಶ್ಕರ್. ದನಿ ದೂರದಿಂದ ಹತ್ತಿರ ಬಂದಂತೆ ಕೇಳಲೆಂದು ಅವರು ಮೈಕಿನಿಂದ ದೂರ ನಿಂತು ಹಾಡುತ್ತ ಮುಂದೆ ಬಂದರೆಂದು ಹೇಳುತ್ತಾರೆ. ತಟ್ಟೆಯ ಮೇಲೆ ಗಾಯಕಿಯ ಹೆಸರಿನ ಬದಲು ಪಾತ್ರದ ಹೆಸರು 'ಕಾಮಿನಿ' ಎಂದಿತ್ತು. ಹಾಡಿದವರು ಯಾರೆಂದು ಕೇಳುಗರು ಆಕಾಶವಾಣಿಗೆ ಕಾಗದ ಬರೆದು ಕೇಳಬೇಕಾಯಿತು. ಚಿತ್ರದ ಕೊನೆಗೆ ತಿಳಿಯುವುದೇನು? ದೆವ್ವ ಇಲ್ಲವೇ ಇಲ್ಲ, ಇದ್ದದ್ದು ಮಾಲಿಯ ಮಗಳು. ಆದರೂ ನಾಯಕ ಬದುಕಿ ಉಳಿಯುವುದಿಲ್ಲ. ಕಾದವಳಿಗೂ ಸಿಗದೆ, ಬಂದವನಿಗೂ ಸಿಗದೆ ಹಾಡು ಮಾತ್ರ ಉಳಿಯಿತು.

ಅದೇ ಬಾಂಬೆ ಟಾಕೀಸಿನಲ್ಲಿ ಆರು ವರ್ಷ ಮೊದಲು, 1943ರಲ್ಲಿ, 'ಕಿಸ್ಮತ್' ಚಿತ್ರಕ್ಕೆ ಹಾಡಿ ದೇಶಕ್ಕೆಲ್ಲ ಹೆಸರಾದವರು ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿ. ನಾಟಕದಿಂದ ಸಿನಿಮಾಕ್ಕೆ ಹೋದವರು. ಅವರ ಅಕ್ಕ ಗೋಹರಬಾಯಿ ಬಾಲಗಂಧರ್ವರ ಜೊತೆ ಹಾಡಿದವರು. 'ಕಿಸ್ಮತ್'ನಲ್ಲಿ ಊರೆಲ್ಲ ದೀಪಾವಳಿ ಮಾಡುವಾಗ ತನ್ನ ಮನೆಯ ಕತ್ತಲೆಯನ್ನು ನೆನೆದು ಹಾಡುವ ಹಾಡೊಂದಿದೆ. ಲತಾ ಅವರ ದನಿ ಬರುವ ಮುಂಚೆ ಹಿಂದಿ ಸಿನಿಮಾದ ಹೆಣ್ಣಿನ ದುಃಖಕ್ಕೆ ದನಿ ಕೊಟ್ಟವರಲ್ಲಿ ಅಮೀರಬಾಯಿ ಒಬ್ಬರು. ದನಿ ಬದಲಾಯಿತು, ಕಾಲ ಬದಲಾಯಿತು, ಅವರು 1965ರಲ್ಲಿ ತೀರಿಕೊಂಡರು. ರಹಮತ್ ತರೀಕೆರೆಯವರು ಪುಸ್ತಕ ಬರೆದ ಮೇಲೆ ಹೊಸ ತಲೆಮಾರು ಅವರ ಕಡೆ ಮತ್ತೆ ತಿರುಗಿ ನೋಡಿತು.

ಕನ್ನಡಕ್ಕೆ ಬಂದರೆ 'ಶರಪಂಜರ'ವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅದರಲ್ಲಿ ದೆವ್ವವೂ ಇಲ್ಲ, ಬೀಗ ಹಾಕಿದ ಕೋಣೆಯೂ ಇಲ್ಲ. ಆದರೂ ನನ್ನ ಮಟ್ಟಿಗೆ ಅದಕ್ಕಿಂತ ಅಂಜಿಸುವ ಚಿತ್ರ ಇನ್ನೊಂದಿಲ್ಲ. ಕಾದಂಬರಿ ತ್ರಿವೇಣಿಯವರದು. ಮನಃಶಾಸ್ತ್ರ ಓದಿದ್ದ ಅವರು 1963ರಲ್ಲಿ ಬಾಣಂತಿಯಾಗಿದ್ದಾಗಲೇ ತೀರಿಕೊಂಡರು. ಪುಟ್ಟಣ್ಣ ಕಣಗಾಲರು ಅದನ್ನು ತೆರೆಗೆ ತಂದರು, ಸಂಗೀತ ವಿಜಯಭಾಸ್ಕರ್ ಅವರದು. ಬಾಣಂತಿತನದಲ್ಲಿ ಬುದ್ಧಿ ಕಲಕಿ ಆಸ್ಪತ್ರೆ ಸೇರಿದ ಕಾವೇರಿ ಗುಣವಾಗಿ ಮನೆಗೆ ಬರುತ್ತಾಳೆ. ವನವಾಸ ಮುಗಿಸಿ ಬಂದ ಸೀತೆಯನ್ನು ನೆನೆಯುವ ಹಾಡು ಚಿತ್ರದಲ್ಲಿದೆ. ಹಾಡಿನ ಸೀತೆಯ ಗತಿ ಏನಾಯಿತೆಂದು ನಮಗೆಲ್ಲ ಗೊತ್ತು. ಹಾಗಾಗಿ ಮುಂದಾಗುವುದನ್ನು ಹಾಡು ಮೊದಲೇ ಹೇಳಿಬಿಟ್ಟಿರುತ್ತದೆ. ಗುಣವಾದವಳನ್ನು ಗಂಡ, ನೆರೆಹೊರೆ, ನೆಂಟರು ಎಲ್ಲರೂ ಸೇರಿ ಮತ್ತೆ ಅದೇ ಆಸ್ಪತ್ರೆಗೆ ದೂಡುತ್ತಾರೆ. ಕಾವೇರಿಯ ಪಾತ್ರ ಮಾಡಿದ ಕಲ್ಪನಾ 1979ರ ಮೇ 12ರಂದು ನಮಗೆ ದೂರವೇನಲ್ಲದ ಸಂಕೇಶ್ವರದ ಹತ್ತಿರ ಗೋಟೂರಿನ ಬಂಗಲೆಯಲ್ಲಿ ತೀರಿಕೊಂಡರು. ಆಗ ಅವರು ನಾಟಕ ಕಂಪನಿಯೊಂದರ ಜೊತೆ ನಮ್ಮ ಕಡೆ ಅಭಿನಯಿಸುತ್ತಿದ್ದರು. ಆಮೇಲೆ ಈ ಭಾಗದ ಹೆಣ್ಣುಮಕ್ಕಳು 'ಶರಪಂಜರ'ವನ್ನು ಬರೀ ಸಿನಿಮಾ ಎಂದು ನೋಡಲಿಲ್ಲ.

ಇದೆಲ್ಲ ಪರದೆಯ ಮೇಲಿನ ಮಾತಾಯಿತು. ಪರದೆಯ ಹೊರಗಿನದೊಂದನ್ನು ಹೇಳುತ್ತೇನೆ. 1990ರ ದಶಕದಲ್ಲಿ ನಾನು ಬಾಡಿಗೆಗಿದ್ದ ಓಣಿಯಲ್ಲಿ ನೇಕಾರರ ಮನೆಯೊಂದಕ್ಕೆ ಸೊಲ್ಲಾಪುರದ ಕಡೆಯಿಂದ ಸೊಸೆ ಬಂದಳು. ನೂಲು, ಮಗ್ಗದ ವ್ಯವಹಾರದಿಂದಾಗಿ ರಬಕವಿ-ಬನಹಟ್ಟಿಯವರಿಗೆ ಆ ಕಡೆಯ ಸಂಬಂಧ ಇದ್ದದ್ದೇ. ಅವಳಿಗೆ ಕನ್ನಡ ಅಷ್ಟಕ್ಕಷ್ಟೆ, ಮನೆಯವರಿಗೆ ಮರಾಠಿ ಅಷ್ಟಕ್ಕಷ್ಟೆ. ಮೊದಲ ಕೂಸು ಹನ್ನೊಂದು ದಿನಕ್ಕೆ ಹೋಯಿತು. ಮಗ್ಗ ನಿಂತು ಓಣಿ ಮಲಗಿದ ಮೇಲೆ ಅವಳು ಕಂಡಿಕೆ ಸುತ್ತುವ ಜಾಗದಲ್ಲಿ ಕೂತು ಸಣ್ಣ ದನಿಯಲ್ಲಿ ಹಾಡುತ್ತಿದ್ದಳು. ಕತ್ತಲೆಯಲ್ಲಿ ಒಂದೇ ದನಿ, ತಿಳಿಯದ ಮಾತು. ಓಣಿಗೆ ಓಣಿಯೇ ಅಂಜಿತು. 'ಮೈಯಾಗ ಗಾಳಿ ಹೊಕ್ಕೈತಿ' ಎಂದರು. ಮೂರು ಅಮಾವಾಸ್ಯೆ ಕರೆದುಕೊಂಡು ಹೋದರು. ಬೇವಿನ ತೊಪ್ಪಲು, ಬಾರುಕೋಲು ಎಲ್ಲ ಆಯಿತು. ಹುಡುಗಿ ಒಣಗಿದ ಕಡ್ಡಿಯಾದಳು.

ಕೊನೆಗೆ ದಿಕ್ಕು ತೋರಿಸಿದವರು ಮರಾಠಿ ಬಲ್ಲ ಒಬ್ಬ ನರ್ಸಬಾಯಿ. ಒಂದು ರಾತ್ರಿ ಅವಳ ಪಕ್ಕದಲ್ಲಿ ಕೂತು ಪೂರಾ ಕೇಳಿದರು. ಮರುದಿನ ನನಗೆ ಹೇಳಿದರು: 'ಗಾಳಿನೂ ಇಲ್ಲ, ಧೂಳಿನೂ ಇಲ್ರೀ ಅಕ್ಕೋರ. ಸತ್ತ ಕೂಸಿಗೆ ತೊಟ್ಟಿಲ ಪದಾ ಹಾಡಾಕತ್ತಾಳ್ರಿ. ಒಬ್ಬರರ ಕೇಳಿದ್ರೇನು?' ನಾವಿಬ್ಬರೂ ಹೋಗಿ ಅತ್ತೆಯನ್ನು ಕೂಡಿಸಿಕೊಂಡು ಆ ಪದದ ಅರ್ಥ ಬಿಡಿಸಿ ಹೇಳಿದೆವು. ತಾನೂ ಒಂದು ಕೂಸು ಕಳಕೊಂಡಿದ್ದ ಆ ಮುದುಕಿ ಸೊಸೆಯ ಮುಂದೆ ಕೂತು ಗೊಳೋ ಎಂದು ಅತ್ತಳು. ಅದೇ ವಾರ ಧಾರವಾಡಕ್ಕೆ ಕರೆದುಕೊಂಡು ಹೋದರು. ನಮ್ಮ ಕಡೆ ಧಾರವಾಡಕ್ಕೆ ಕಳಿಸುವುದೆಂದರೆ ಬೈಗುಳ. ಬ್ರಿಟಿಷರ ಕಾಲದ ಆ ಮಾನಸಿಕ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ದೊಡ್ಡ ಸಂಸ್ಥೆಯಾಗಿದ್ದರೂ ಬೈಗುಳ ಹೋಗಿಲ್ಲ. ಔಷಧ ನಡೆಯಿತು, ಹುಡುಗಿ ತಿಂಗಳುಗಟ್ಟಲೆಯಲ್ಲಿ ಮನುಷ್ಯಳಾದಳು. ಅವಳನ್ನು ಉಳಿಸಿದ್ದು ಔಷಧವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಔಷಧದತನಕ ಅವಳನ್ನು ಮುಟ್ಟಿಸಿದ್ದು ಹಾಡು ತಿಳಿದವರೊಬ್ಬರ ಕಿವಿ.

ಇದನ್ನು ಕಂಡ ಮೇಲೆ 'ಆಪ್ತಮಿತ್ರ'ದ ಕೊನೆ ನನಗೆ ಬೇರೆಯಾಗಿ ಕಂಡಿತು. ಸಿನಿಮಾದ ಚಿಕಿತ್ಸೆ ಸಿನಿಮಾದ್ದೇ. ಗೊಂಬೆ ಸುಟ್ಟು ಸೇಡು ತೀರಿಸಿ ರೋಗ ಬಿಡಿಸುವ ಮಾತನ್ನು ಯಾರೂ ನಿಜವೆಂದು ತಿಳಿಯಬಾರದು. ಆದರೆ ಅಲ್ಲಿ ಒಂದು ನಿಜವಿದೆ. ಗಂಗಾ ಗುಣವಾಗುತ್ತಾಳೆ, ಗಂಡನ ಕೈಹಿಡಿದು ಹೊರಡುತ್ತಾಳೆ, ಕಥೆ ಸುಖವಾಗಿ ಮುಗಿಯುತ್ತದೆ. ನಾಗವಲ್ಲಿಗೆ ಏನಾಯಿತು? ಅವಳಿಗೆ ಆದ ಅನ್ಯಾಯಕ್ಕೆ ಯಾವ ವೈದ್ಯರ ಬಳಿಯೂ ಔಷಧವಿಲ್ಲ. ಅವಳ ಪರವಾಗಿ ಸಾಕ್ಷಿ ಹೇಳುವುದು ಆ ಹಾಡೊಂದೇ. ಅದಿಲ್ಲದಿದ್ದರೆ ದೆವ್ವ ಬಿಡಿಸಿದ ಕಥೆಯಾಗುತ್ತಿತ್ತು. ಅದಿದ್ದುದರಿಂದ ಸುಖಾಂತ್ಯದೊಳಗೆ ಒಂದು ಮುಳ್ಳು ಉಳಿಯಿತು.

ಆ ಮುಳ್ಳನ್ನು ಇನ್ನಷ್ಟು ಆಳಕ್ಕೆ ಇಳಿಸಿದ್ದು ವಿಧಿ. ಗಂಗೆಯ ಪಾತ್ರ ಮಾಡಿದ ಸೌಂದರ್ಯ 2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಚುನಾವಣಾ ಪ್ರಚಾರಕ್ಕೆ ಹೊರಟಾಗ ವಿಮಾನ ಬಿದ್ದು ಸುಟ್ಟು ಹೋದರು. ಚಿತ್ರ ತೆರೆಗೆ ಬಂದದ್ದು ಆಗಸ್ಟಿನಲ್ಲಿ. ನೋಡುವವರಿಗೆಲ್ಲ ಅದು ಗೊತ್ತಿತ್ತು. ಕಥೆಯಲ್ಲಿ ಬೆಂಕಿಗೆ ಬಿದ್ದ ಹೆಣ್ಣಾಗಿ ಕುಣಿಯುವವಳು ನಿಜದಲ್ಲೂ ಬೆಂಕಿಯಲ್ಲಿ ಹೋದವಳು. ಕಥೆ ಅವಳನ್ನು ಗುಣಪಡಿಸಿ ಮನೆಗೆ ಕಳಿಸಿತು, ಆದರೆ ಅವಳು ಹೋಗುವ ಮನೆಯಿರಲಿಲ್ಲ. ಹೆದರಲು ಬಂದವರು ಕಣ್ಣು ಒರೆಸಿಕೊಂಡು ಹೊರಬಂದರು.

ಇಂದು ನಮ್ಮ ಮಕ್ಕಳು ಅಂಗೈಯಷ್ಟು ಪರದೆಯಲ್ಲಿ ದೆವ್ವದ ಚಿತ್ರ ನೋಡುತ್ತಾರೆ. ನೋಡಲಿ. ಮನಸ್ಸಿನ ಕಷ್ಟಕ್ಕೆ 2022ರಿಂದ ಟೆಲಿ ಮಾನಸ್ ಎಂದು 14416 ಸಂಖ್ಯೆಯೂ ಬಂದಿದೆ, ಕನ್ನಡದಲ್ಲಿ ಮಾತಾಡಬಹುದು ಎಂದು ತರಗತಿಯ ಹಲಗೆಯ ಮೂಲೆಯಲ್ಲಿ ಬರೆದಿಡುತ್ತೇನೆ. ಅದರ ಜೊತೆ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಒಂದು ಮಾತು ಹೇಳುತ್ತೇನೆ. ರಾತ್ರಿ ಎಲ್ಲಿಯಾದರೂ ತಿಳಿಯದ ಹಾಡು ಕೇಳಿದರೆ ಬಾಗಿಲು ಹಾಕಿಕೊಳ್ಳಬೇಡಿರಿ. ಅದು ಯಾವ ಭಾಷೆಯಲ್ಲಿದೆ, ಹಾಡುವವರು ಏನು ಕಳಕೊಂಡಿದ್ದಾರೆ ಎಂದು ಮೊದಲು ಕೇಳಿರಿ.