ಸಾಕಿದ ಕಿರುಜೀವಿಗಳ ಚಿಕಿತ್ಸೆ: ಮಸ್ಕಿಯ ಬಂಡೆಯಿಂದ ಗಾಜಿನ ತೊಟ್ಟಿಯವರೆಗೆ

ರಾಯಚೂರು ಜಿಲ್ಲೆಯಲ್ಲಿ ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯ ನಡುವೆ ಮಸ್ಕಿ ಇದೆ. ಈ ಸೀಮೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿದ್ದಾಗ, 1915ರಲ್ಲಿ, ಚಿನ್ನದ ಅದಿರನ್ನು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರು ಇಲ್ಲಿಯ ಗುಡ್ಡದಲ್ಲಿ ಅಕ್ಷರಗಳಿರುವ ಬಂಡೆಯೊಂದನ್ನು ಕಂಡರು. ಅದುವರೆಗೆ ದೇಶದ ನಾನಾ ಕಡೆ ದೊರೆತಿದ್ದ ಧರ್ಮಲಿಪಿಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಆ ಅರಸನು ಅಶೋಕನೇ ಎಂದು ವಿದ್ವಾಂಸರು ಊಹಿಸಿದ್ದರು. ಮಸ್ಕಿಯ ಬಂಡೆಯು ಅಶೋಕನೆಂಬ ಹೆಸರನ್ನೇ ಹೇಳಿ ಆ ಊಹೆಯನ್ನು ದೃಢಪಡಿಸಿತು. ಮಸ್ಕಿಯ ಹೆಸರು ಭಾರತದ ಇತಿಹಾಸದಲ್ಲಿ ಶಾಶ್ವತವಾಗಿ ನಿಂತದ್ದು ಹೀಗೆ.

ಮಸ್ಕಿಯ ಶಾಸನದಲ್ಲಿ ಪ್ರಾಣಿಗಳ ಮಾತಿಲ್ಲ. ಧರ್ಮದಲ್ಲಿ ನಿರತನಾದರೆ ಅಲ್ಪನಾದವನೂ ಉನ್ನತಿಯನ್ನು ಪಡೆಯಬಲ್ಲನು, ಅದು ದೊಡ್ಡವರಿಗೆ ಮಾತ್ರ ಮೀಸಲಲ್ಲ ಎಂಬುದು ಅದರ ತಾತ್ಪರ್ಯ. ಜೀವದಯೆಯ ಮಾತು ಬರುವುದು ಅದೇ ಅರಸನ ಬೇರೆ ಲಿಪಿಗಳಲ್ಲಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನವು ತಾಯಿತಂದೆಗಳ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ ಇವನ್ನು ಒಟ್ಟಿಗೆ ವಿಧಿಸುತ್ತದೆ. ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿಯೂ ದೊರೆತಿರುವ ಎರಡನೆಯ ಬಂಡೆಶಾಸನವು ಮನುಷ್ಯರ ಚಿಕಿತ್ಸೆ, ಪಶುಗಳ ಚಿಕಿತ್ಸೆ ಎಂಬ ಎರಡು ಬಗೆಯ ವೈದ್ಯವನ್ನು ರಾಜ್ಯದಲ್ಲಿಯೂ ಗಡಿಯಾಚೆಯ ಚೋಳ, ಪಾಂಡ್ಯ ಮೊದಲಾದವರ ನಾಡುಗಳಲ್ಲಿಯೂ ಏರ್ಪಡಿಸಿದುದನ್ನು ಹೇಳುತ್ತದೆ. ಔಷಧಿಯ ಗಿಡಮೂಲಿಕೆಗಳಿಲ್ಲದ ಕಡೆ ಅವನ್ನು ತರಿಸಿ ನೆಡಿಸಿದರಂತೆ. ಇನ್ನು ಉತ್ತರದ ಕಂಬಗಳ ಮೇಲಿರುವ ಐದನೆಯ ಸ್ತಂಭಶಾಸನ. ಕೊಲ್ಲಬಾರದ ಜೀವಿಗಳ ಅದರ ಪಟ್ಟಿ ಗಿಳಿ ಗೊರವಂಕಗಳಿಂದ ತೊಡಗಿ ಆಮೆ, ಮೀನುಗಳವರೆಗೆ ಹೋಗುತ್ತದೆ. ಒಂದು ಜೀವಿಯನ್ನು ಉಣಿಸಿ ಇನ್ನೊಂದು ಜೀವಿಯನ್ನು ಪೋಷಿಸಬಾರದೆಂಬ ವಿಧಿಯೂ ಅಲ್ಲಿದೆ. ಅಶೋಕನು ಬೌದ್ಧ ಉಪಾಸಕ. ಆದರೆ ಈ ಒಂದು ವಿಧಿಯನ್ನು ಜೈನ ಗೃಹಸ್ಥರು ವಿಶೇಷವಾಗಿ ನೆನಪಿನಲ್ಲಿಡಬೇಕು. ಮುಂದೆ ಅದರ ಪ್ರಯೋಜನವಿದೆ.

ಕನ್ನಡದಲ್ಲಿ ಪಶುವೈದ್ಯದ ಬರಹವು ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಕಾಣಿಸಿಕೊಳ್ಳುತ್ತದೆ. ಕ್ರಿ. ಶ. 1025ರ ಸುಮಾರಿನ ಎರಡನೆಯ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ನೀರು, ಗಿಡಮರ, ವಿಷ, ವೈದ್ಯ ಹೀಗೆ ಮನೆಬಳಕೆಯ ಅನೇಕ ವಿಷಯಗಳ ಜೊತೆಗೆ ಪಶುಚಿಕಿತ್ಸೆಯೂ ಬರುತ್ತದೆ. (ಈತನು ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಲ್ಲ. ಹೆಸರಿನ ಸಾಮ್ಯದಿಂದ ಇಬ್ಬರನ್ನೂ ಒಂದಾಗಿಸುವವರು ಇಂದಿಗೂ ಇದ್ದಾರೆ.) ಒಂದು ಶತಮಾನದ ಬಳಿಕ, 1125ರ ಸುಮಾರಿಗೆ, ಆ ರಾಜವಂಶದವನೇ ಆದ ಜೈನ ಕವಿ ಕೀರ್ತಿವರ್ಮನು 'ಗೋವೈದ್ಯ'ವನ್ನು ರಚಿಸಿದನು. ಮದ್ದಿನ ಜೊತೆಗೆ ಮಂತ್ರ ಯಂತ್ರಗಳಿಗೂ ಅದರಲ್ಲಿ ಎಡೆಯುಂಟು. ಅರಮನೆಯಲ್ಲಿ ಹುಟ್ಟಿದವನು ದನದ ರೋಗಗಳನ್ನು ಕುರಿತು ಒಂದು ಇಡೀ ಗ್ರಂಥವನ್ನು ಬರೆದದ್ದು ಸಣ್ಣ ಮಾತಲ್ಲ.

ಮೀನುಗಳ ವಿಷಯ ಬಂದಾಗ ಇದೇ ಅರಮನೆಯ ಇನ್ನೊಂದು ಮುಖ ಕಾಣುತ್ತದೆ. ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದ ಮತ್ಸ್ಯವಿನೋದ ಎಂಬ ಭಾಗದಲ್ಲಿ ಹಲವು ಜಾತಿಯ ಮೀನುಗಳ ಹೆಸರು, ಅವು ವಾಸಿಸುವ ನೀರು, ಯಾವ ಮೀನಿಗೆ ಯಾವ ಹಿಟ್ಟಿನ ಉಂಡೆ ಪ್ರಿಯ ಎಂಬ ವಿವರಗಳಿವೆ. ಮೀನಿಗೆ ಆಹಾರವಿಕ್ಕುವ ಕ್ರಮವನ್ನು ಇಷ್ಟು ಸೂಕ್ಷ್ಮವಾಗಿ ತಿಳಿಸಿರುವ ಹಳೆಯ ಗ್ರಂಥಗಳು ವಿರಳ. ಆದರೆ ಉದ್ದೇಶವೇನು? ಹಾಗೆ ಉಣಿಸಿ ಪಳಗಿಸಿದ ಮೀನನ್ನು ಗಾಳ ಹಾಕಿ ಹಿಡಿಯುವ ಅರಸರ ವಿನೋದ. ಕೈಯಾರೆ ಉಣಿಸಿದ್ದು ಮಾತ್ರಕ್ಕೆ ದಯೆಯಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಶ್ರಾವಕಾಚಾರದ ಗ್ರಂಥಗಳು ಈ ಭೇದವನ್ನು ಮೊದಲೇ ಗುರುತಿಸಿದ್ದವು. ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಹೊಡೆಯುವುದು. ಕೊಂದರೆ ವ್ರತವೇ ಭಂಗವಾಯಿತು, ಅತಿಚಾರದ ಮಾತೇ ಉಳಿಯದು. ಇವುಗಳಲ್ಲಿ ಬಂಧವನ್ನು ಮೊದಲಲ್ಲಿ ಎಣಿಸಿರುವುದು ಗಮನಾರ್ಹ. ಶ್ವೇತಾಂಬರ ಪರಂಪರೆಯಲ್ಲಿ ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು 'ಯೋಗಶಾಸ್ತ್ರ'ದಲ್ಲಿ ಶ್ರಾವಕನಿಗೆ ನಿಷಿದ್ಧವಾದ ಹದಿನೈದು ವೃತ್ತಿಗಳನ್ನು ವಿವರಿಸುವಾಗ ಗಿಳಿ, ಗೊರವಂಕ, ಬೆಕ್ಕು, ನಾಯಿ, ಕೋಳಿ, ನವಿಲುಗಳನ್ನು ಹಣಕ್ಕಾಗಿ ಸಾಕುವುದನ್ನೂ ಸೇರಿಸಿದ್ದಾರೆ. ಇಂದಿನ ಮಾತಿನಲ್ಲಿ ಇದು ಪೆಟ್ ಅಂಗಡಿ. ಅಂಗಡಿಯವನಿಗೆ ನಿಷಿದ್ಧವಾದ ಸರಕು ಗಿರಾಕಿಗೆ ನಿರ್ದೋಷವಾಗುವುದು ಹೇಗೆ ಎಂಬ ಪ್ರಶ್ನೆಯನ್ನು ವ್ಯಾಪಾರಸ್ಥರ ಸಮಾಜಕ್ಕೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಮನೆಯಲ್ಲಿ ಈಗಾಗಲೇ ಇರುವ ಜೀವಿ ರೋಗಕ್ಕೆ ತುತ್ತಾದರೆ? ಇದಕ್ಕೆ ಉತ್ತರವು ಗುಜರಾತಿನ ಪಾಂಜರಪೋಳಗಳ ಇತಿಹಾಸದಲ್ಲಿದೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಖಂಭಾತಿನಲ್ಲಿ ಹಕ್ಕಿಗಳ ಆಸ್ಪತ್ರೆಯೊಂದನ್ನು ನೋಡಿ ಬರೆದಿಟ್ಟನು. ರೋಗ ಹಿಡಿದ, ಕುಂಟಾದ, ಜೊತೆಯನ್ನು ಕಳೆದುಕೊಂಡ ಹಕ್ಕಿಗಳಿಗೆ ಅಲ್ಲಿ ಸಾರ್ವಜನಿಕರ ದಾನದಿಂದ ಆರೈಕೆ ನಡೆಯುತ್ತಿತ್ತು. ತಾಯಿಯಿಲ್ಲದ ಇಲಿಮರಿಗಳು ಕೆಲವು ಅಲ್ಲಿದ್ದವು. ಬಿಳಿಗಡ್ಡದ ವೃದ್ಧನೊಬ್ಬನು ಮೂಗಿನ ಮೇಲೆ ಕನ್ನಡಕವನ್ನಿಟ್ಟುಕೊಂಡು, ಹತ್ತಿ ಹಾಸಿದ ಪೆಟ್ಟಿಗೆಯಲ್ಲಿ ಅವನ್ನು ಮಲಗಿಸಿ, ಹಕ್ಕಿಯ ಗರಿಯನ್ನು ಹಾಲಿಗೆ ಅದ್ದಿ ಕುಡಿಸುತ್ತಿದ್ದನು. ದೊಡ್ಡವಾದ ಮೇಲೆ ಅವನ್ನು ಬಿಟ್ಟುಬಿಡುವುದಾಗಿ ಆತನು ಹೇಳಿದನಂತೆ. ಹಕ್ಕಿಗಳ ವಿಷಯದಲ್ಲಿಯೂ ಒಂದು ನಿಯಮವಿತ್ತು: ಗುಣ ಹೊಂದಿದ ಹಕ್ಕಿ ಕಾಡಿನದಾದರೆ ಬಿಡುಗಡೆ, ಊರಿನಲ್ಲಿ ಸಾಕಿದ್ದಾದರೆ ಧರ್ಮಿಷ್ಠರೊಬ್ಬರ ಮನೆಗೆ ಒಪ್ಪಿಸುವುದು.

ನಾಲ್ಕು ಶತಮಾನಗಳ ಹಿಂದಿನ ಈ ನಿಯಮದಲ್ಲಿ ಭಾವುಕತೆ ಕಡಿಮೆ, ವಿವೇಕ ಹೆಚ್ಚು. ದೆಹಲಿಯ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿರುವ ಪಕ್ಷಿಗಳ ಧರ್ಮಾರ್ಥ ಆಸ್ಪತ್ರೆಯೂ ಇದೇ ದಾರಿಯದು. 1929ರಲ್ಲಿ ಆರಂಭವಾದ ಈ ಸಂಸ್ಥೆ ಗಾಯಗೊಂಡ ಪಾರಿವಾಳ, ಗಿಳಿ, ಗುಬ್ಬಿಗಳನ್ನು ಒಳಗಿಟ್ಟುಕೊಂಡು ಶುಶ್ರೂಷೆ ಮಾಡುತ್ತದೆ. ಮಾಂಸಾಹಾರಿಯಾದ ಹದ್ದು ಗಿಡುಗಗಳಿಗೆ ಹೊರರೋಗಿಗಳಾಗಿ ಮಾತ್ರ ಚಿಕಿತ್ಸೆ. ಗಾಯಕ್ಕೆ ಔಷಧ ಹಚ್ಚುವುದಕ್ಕೆ ಅಡ್ಡಿಯಿಲ್ಲ, ಮಾಂಸವನ್ನು ತಂದು ತಿನ್ನಿಸಿ ಸಾಕಲಾಗದು. ಅಶೋಕನ ಸ್ತಂಭಶಾಸನದ ವಿಧಿ ಇಲ್ಲಿ ಆಸ್ಪತ್ರೆಯ ನಡವಳಿಕೆಯಾಗಿದೆ. ಈ ಗೆರೆಯನ್ನು ಕಠಿಣವೆನ್ನುವವರಿದ್ದಾರೆ. ಆದರೆ ತಾನು ಪೋಷಿಸಲಾರದ ಜೀವಿಯನ್ನು ತನ್ನಲ್ಲಿ ಇರಿಸಿಕೊಳ್ಳದಿರುವುದರಲ್ಲಿ ಒಂದು ಪ್ರಾಮಾಣಿಕತೆಯಿದೆ.

ಈ ಪ್ರಾಮಾಣಿಕತೆಯನ್ನು ಗಾಜಿನ ತೊಟ್ಟಿಗೆ ಅನ್ವಯಿಸಿದರೆ ಬಹಳಷ್ಟು ತಿಳಿಯಾಗುತ್ತದೆ. ಫೈಟರ್ ಎಂದು ಮಾರುವ ಮೀನು ಸ್ವಭಾವತಃ ಹುಳುಗಳನ್ನು ತಿನ್ನುವುದು. ಅಂಗಡಿಯಲ್ಲಿ ಅದಕ್ಕೆಂದು ಜೀವಂತ ಟ್ಯುಬಿಫೆಕ್ಸ್ ಹುಳುಗಳನ್ನು ಕೊಡುತ್ತಾರೆ. ಪೊಟ್ಟಣದ ಒಣ ಆಹಾರದಲ್ಲಿಯೂ ಬಹುಮಟ್ಟಿಗೆ ಮೀನಿನ ಪುಡಿಯೇ ಇರುತ್ತದೆ. ಕಂದಮೂಲವನ್ನೂ ತ್ಯಜಿಸಿದ ಮನೆಯಲ್ಲಿ ಮಕ್ಕಳು ದಿನವೂ ತ್ರಸಜೀವಿಗಳನ್ನು ಚಿಮಟಿಯಿಂದ ಎತ್ತಿ ತೊಟ್ಟಿಗೆ ಹಾಕುವ ವಿಪರ್ಯಾಸವನ್ನು ಹಿರಿಯರು ನೋಡಿಯೂ ನೋಡದಂತಿರುವುದು ಸರಿಯಲ್ಲ. ಗೋಲ್ಡ್‌ಫಿಶ್ ಮಿಶ್ರಾಹಾರಿ, ಬೇಯಿಸಿ ಸಿಪ್ಪೆ ಸುಲಿದ ಬಟಾಣಿ, ಸೊಪ್ಪು, ಸಸ್ಯಮೂಲದ ಆಹಾರವನ್ನು ಚೆನ್ನಾಗಿಯೇ ತಿನ್ನುತ್ತದೆ.

ತೊಟ್ಟಿಯ ಮೀನಿನ ರೋಗಗಳಲ್ಲಿ ಹೆಚ್ಚಿನವು ನೀರಿನಿಂದಲೇ ಹುಟ್ಟುತ್ತವೆ. ಮೀನಿನ ಕಿವಿರು ಮತ್ತು ಮಲದಿಂದ ಅಮೋನಿಯಾ ನೀರಿಗೆ ಸೇರುತ್ತದೆ. ನದಿಯಲ್ಲಿ ಅದು ಹರಿದುಹೋಗುತ್ತದೆ. ತೊಟ್ಟಿಯಲ್ಲಿ ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ನೆಲೆಯೂರಲು ನಾಲ್ಕರಿಂದ ಆರು ವಾರಗಳು ಬೇಕು. ಹೊಸ ತೊಟ್ಟಿಗೆ ಮೊದಲ ದಿನವೇ ಹತ್ತು ಮೀನುಗಳನ್ನು ಬಿಟ್ಟರೆ ಅವು ತಮ್ಮ ವಿಷದಲ್ಲಿಯೇ ಉಸಿರುಗಟ್ಟುತ್ತವೆ. ನಲ್ಲಿಯ ನೀರಿನ ಕ್ಲೋರಿನ್ ಕಿವಿರನ್ನು ಸುಡುತ್ತದೆ. ಅಗಲಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟ ನೀರನ್ನೇ ಬಳಸಬೇಕು. ಎಲ್ಲ ನೀರನ್ನೂ ಚೆಲ್ಲಿ ತೊಟ್ಟಿಯನ್ನು ಥಳಥಳಿಸುವಂತೆ ತೊಳೆಯುವ ಗೃಹಿಣಿಯರ ಶುಚಿತ್ವವು ಮೀನಿಗೆ ಮಾರಕ. ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗವನ್ನಷ್ಟೇ ಬದಲಿಸುವುದು ಯುಕ್ತ. ರಾಯಚೂರು ಸೀಮೆಯ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುತ್ತದೆ. ಬೆಚ್ಚನೆಯ ನೀರಿನಲ್ಲಿ ಆಮ್ಲಜನಕ ಕಡಿಮೆ. ವಿದ್ಯುತ್ತು ಹೋಗಿ ಗಾಳಿಯ ಪಂಪು ನಿಂತರೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಮಕ್ಕಳು ಅದನ್ನು ಹಸಿವೆಂದು ತಿಳಿದು ಇನ್ನಷ್ಟು ಕಾಳು ಹಾಕುತ್ತಾರೆ, ಆ ಕಾಳು ಕೊಳೆತು ಉಳಿದ ಆಮ್ಲಜನಕವೂ ಕರಗುತ್ತದೆ.

ಬಿಳಿಚುಕ್ಕೆಯ ರೋಗವು ಶ್ರಾವಕನಿಗೆ ನಿಜವಾದ ಇಕ್ಕಟ್ಟು. ಇದು ಏಕಕೋಶದ ಪರೋಪಜೀವಿಯಿಂದ ಬರುವಂಥದು. ಅದು ಮೀನಿನ ಚರ್ಮದಲ್ಲಿ ಬೆಳೆದು, ಕಳಚಿ ತಳಕ್ಕಿಳಿದು, ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳು ಒಂದೆರಡು ದಿನಗಳಲ್ಲಿ ಮೀನನ್ನು ಸೇರದಿದ್ದರೆ ಉಳಿಯವು. ಔಷಧವು ಕೊಲ್ಲುವುದು ಈ ತೇಲುವ ಮರಿಗಳನ್ನು. ಒಂದು ಪಂಚೇಂದ್ರಿಯ ಜೀವಿಗಾಗಿ ಸಾವಿರ ಸೂಕ್ಷ್ಮಜೀವಿಗಳ ನಾಶ ಯುಕ್ತವೇ? ಕೆಲವು ಪಾಂಜರಪೋಳಗಳಲ್ಲಿ ಧಾನ್ಯದ ಹುಳುಗಳಿಗೂ ಪ್ರತ್ಯೇಕ ಕೋಣೆಯನ್ನಿಟ್ಟ ಸಮಾಜವಿದು. ಪ್ರಶ್ನೆಯನ್ನು ನಕ್ಕು ತಳ್ಳುವಂತಿಲ್ಲ. ಗೃಹಸ್ಥನ ವ್ರತವು ಸಂಕಲ್ಪೀ ಹಿಂಸೆಯನ್ನು ತಡೆಯುತ್ತದೆ, ಆರಂಭೀ ಹಿಂಸೆಯನ್ನು ಪೂರ್ತಿಯಾಗಿ ತಡೆಯದು. ಆಶ್ರಿತ ಜೀವಿಯ ಚಿಕಿತ್ಸೆಯು ಎರಡನೆಯದಕ್ಕೆ ಸೇರುತ್ತದೆಂದು ಹೇಳಬಹುದು. ಆದರೆ ಈ ವಿನಾಯಿತಿ ನಿಜವಾದ ಅನಿವಾರ್ಯತೆಗೆ ಮಾತ್ರ. ಹೊಸ ಮೀನನ್ನು ಮೂರುನಾಲ್ಕು ವಾರ ಬೇರೆ ತೊಟ್ಟಿಯಲ್ಲಿರಿಸಿ ನೋಡಿದ್ದರೆ ಹೆಚ್ಚಿನ ಮನೆಗಳಿಗೆ ಈ ರೋಗವೇ ಬರುತ್ತಿರಲಿಲ್ಲ. ಪ್ರಮಾದದಿಂದ ಬಂದ ಅನಿವಾರ್ಯತೆಯು ಅನಿವಾರ್ಯತೆಯಲ್ಲ.

ಇತರ ಕಿರುಪ್ರಾಣಿಗಳ ವಿಷಯದಲ್ಲಿ ಒಂದೆರಡು ಮಾತು ಸಾಕು. ಪಂಜರದ ಹಕ್ಕಿ ತನ್ನ ರೋಗವನ್ನು ಮುಚ್ಚಿಡುತ್ತದೆ. ಗರಿ ಉಬ್ಬಿಸಿಕೊಂಡು ಮಂಕಾಗಿ ಕುಳಿತಾಗ ರೋಗ ಆಗಲೇ ಬಲಿತಿರುತ್ತದೆ. ನಾಡಿನ ಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವೆಂಬುದನ್ನೂ ಅರಿತಿರಬೇಕು. ಮೊಲವು ಒಂದು ಹಗಲು ಮೇವು ಮುಟ್ಟದಿದ್ದರೆ ಅದರ ಕರುಳು ಸ್ತಬ್ಧವಾಗಿ ಪ್ರಾಣಕ್ಕೆ ಅಪಾಯ. ಪರ್ಯೂಷಣ, ದಶಲಕ್ಷಣ ಪರ್ವಗಳಲ್ಲಿ ಮನೆಮಂದಿಯೆಲ್ಲ ಉಪವಾಸವಿರುವಾಗ, ಸೂರ್ಯಾಸ್ತದ ಬಳಿಕ ಅಡಿಗೆಮನೆಯ ಬಾಗಿಲು ಮುಚ್ಚಿದಾಗ, ಪಂಜರದೊಳಗಿನ ಜೀವಿಗೆ ಹುಲ್ಲು ನೀರು ತಪ್ಪಬಾರದು. ವ್ರತವನ್ನು ತೊಟ್ಟವರು ಮನೆಯವರು, ಮೊಲವಲ್ಲ. ಅದರ ಪಾಲಿಗೆ ಅದು ಅನ್ನಪಾನನಿರೋಧವೇ ಆಗುತ್ತದೆ.

ಗುಣವಾಗದ ಜೀವಿಗೆ ಮರಣವನ್ನು ಕೊಡುವ ಪ್ರಶ್ನೆ 1928ರಲ್ಲಿ ಇಡೀ ದೇಶದ ಮುಂದೆ ಬಂದಿತ್ತು. ಸಾಬರಮತಿ ಆಶ್ರಮದಲ್ಲಿ ನರಳುತ್ತಿದ್ದ ಕರುವೊಂದಕ್ಕೆ ಗಾಂಧೀಜಿ ಸೂಜಿಮದ್ದಿನಿಂದ ಸಾವು ಕೊಡಿಸಿದಾಗ ಪ್ರತಿಭಟನೆಯ ಪತ್ರಗಳು ಬಂದವು, ಜೈನರಿಂದಲೂ. ಗಾಂಧೀಜಿ ಅದನ್ನು ಅಹಿಂಸೆಯೆಂದೇ ಸಮರ್ಥಿಸಿದರು. ಪಾಂಜರಪೋಳಗಳ ಪರಂಪರೆಯು ಅದನ್ನು ಒಪ್ಪಲಿಲ್ಲ. ಕೊನೆಯ ಉಸಿರಿನವರೆಗೆ ನೆರಳು, ನೀರು, ಶಾಂತಿಯನ್ನು ಕೊಡುವುದೇ ಅದರ ದಾರಿ. ರೋಗದ ಮೀನನ್ನು ಚರಂಡಿಗೆ ಎಸೆಯುವವರಿಗೆ ಈ ಎರಡರಲ್ಲಿ ಯಾವ ಪಕ್ಷದ ಆಧಾರವೂ ಇಲ್ಲ.

ಕಾಲುವೆಗೆ ಬಿಡುವುದೂ ತಪ್ಪು. ಬೇಸರವಾದ ಮೀನನ್ನು ತುಂಗಭದ್ರಾ ಎಡದಂಡೆ ಕಾಲುವೆಗೋ ಊರಕೆರೆಗೋ ಬಿಟ್ಟು ಅಭಯದಾನವೆಂದು ತೃಪ್ತಿಪಡುವುದು ಸುಲಭ. ತೊಟ್ಟಿಯ ಗಾಜನ್ನು ಶುಚಿ ಮಾಡಲೆಂದು ಮಾರುವ ದಕ್ಷಿಣ ಅಮೆರಿಕದ ಹೀರುಬಾಯಿಯ ಮೀನು ಹೀಗೆಯೇ ಹೊರಬಿದ್ದು ದಕ್ಷಿಣ ಭಾರತದ ಹಲವು ಕೆರೆಹೊಳೆಗಳಲ್ಲಿ ಹಬ್ಬಿ ಅಲ್ಲಿಯ ಮೀನುಗಳ ನೆಲೆಯನ್ನು ಕೆಡಿಸುತ್ತಿದೆ. ರೋಗಾಣುಗಳೂ ಜೊತೆಗೆ ಹೋಗುತ್ತವೆ. ಸೋಸಿದ ನೀರಿನ ಜೀವಾಣಿಯನ್ನು ಮೂಲದ ಜಲಕ್ಕೇ ಮರಳಿಸುವ ಆಚಾರವು ಬಾವಿ ಹೊಳೆಗಳ ನೀರಿಗೆ ಹೇಳಿದ್ದು; ತೊಟ್ಟಿಯ ನೀರು ಹೂಗಿಡಗಳ ಬುಡಕ್ಕೆ ಹೋಗಲಿ. ಖಂಭಾತಿನ ನಿಯಮವೇ ಇಲ್ಲಿಯೂ ಸರಿ: ಸಾಕಿದ ಜೀವಿಗೆ ಬಿಡುಗಡೆಯೆಂದರೆ ಇನ್ನೊಂದು ಯೋಗ್ಯವಾದ ಮನೆ.

ಈ ಇತಿಹಾಸವನ್ನು ನೋಡಿದರೆ, ಅಪಘಾತಕ್ಕೊಳಗಾದ ಹಕ್ಕಿಯ ಶುಶ್ರೂಷೆಯನ್ನು ದಾನದ ಖಾತೆಗೆ ಬರೆಯಬಹುದು. ಹಣ ಕೊಟ್ಟು ತಂದು ಬಂಧನದಲ್ಲಿಟ್ಟ ಮೀನಿನ ಶುಶ್ರೂಷೆ ಸಾಲದ ಖಾತೆಗೆ ಸೇರಿದ್ದು. ಸಾಲವನ್ನು ತೀರಿಸಿದವನಿಗೆ ಪುಣ್ಯದ ರಸೀದಿ ಸಿಗದು, ತೀರಿಸದಿದ್ದರೆ ಬಡ್ಡಿ ಮಾತ್ರ ಏರುತ್ತದೆ. ಬಸದಿಯ ಯಾತ್ರಿನಿವಾಸಕ್ಕೆ ಶೋಭೆಯೆಂದು ಗಾಜಿನ ತೊಟ್ಟಿಯನ್ನು ತರಬಯಸುವ ಟ್ರಸ್ಟುಗಳು, ನೀರನ್ನು ಯಾರು ಯಾವ ವಾರ ಬದಲಿಸುವರೆಂಬುದನ್ನು ಮೊದಲು ಸಭೆಯ ನಡವಳಿ ಪುಸ್ತಕದಲ್ಲಿ ಬರೆದು ಆಮೇಲೆ ಠರಾವು ಮಾಡಲಿ. ಅದಕ್ಕಿಂತ, ಒಂದು ತಣ್ಣನೆಯ ಕೋಣೆಯಲ್ಲಿ ಎರಡು ದೊಡ್ಡ ತೊಟ್ಟಿ, ಬ್ಯಾಟರಿಯಿಂದ ನಡೆಯುವ ಒಂದು ಗಾಳಿಯ ಪಂಪು, ಒಂದು ಉಷ್ಣಮಾಪಕವನ್ನಿಟ್ಟು, ನೋಡಿಕೊಳ್ಳಲಾಗದ ಮನೆಗಳ ಮೀನುಗಳನ್ನು ಸ್ವೀಕರಿಸುವುದು ಲೇಸು. ಹೊಸದನ್ನು ಕೊಳ್ಳುವಂತಿಲ್ಲ. ಗೋಲ್ಡ್‌ಫಿಶ್ ಸರಿಯಾದ ನೀರಿನಲ್ಲಿ ಹತ್ತು ವರ್ಷಗಳಿಗೂ ಮೇಲೆ ಬದುಕುವುದರಿಂದ, ಇಂದು ಒಪ್ಪಿಕೊಂಡ ಮೀನಿನ ಹೊಣೆಯನ್ನು ಮುಂದಿನ ಎರಡು ಮೂರು ಆಡಳಿತ ಮಂಡಳಿಗಳೂ ಹೊರಬೇಕಾಗುತ್ತದೆಂಬುದನ್ನು ಅದೇ ಠರಾವಿನಲ್ಲಿ ಸೇರಿಸಬೇಕು.