ನಡುಮನೆಯ ಗೋಡೆ: ಬಿಳಿಯೋ ಕೆಂಪೋ

ಹೊಸೂರು ಕಡೆಯ ಹಳೇ ಮಣ್ಣಿನ ಮನೆಗಳಿಗೆ ಎರಡೇ ಬಣ್ಣ, ಸುಣ್ಣ ಮತ್ತು ಕೆಮ್ಮಣ್ಣು. ನಡುಮನೆಗೆ ಯಾವುದು ಒಳ್ಳೇದು ಅಂತ ಈಗಿನವರು ಕೇಳುತ್ತಾರೆ. ಹಿರಿಯರು ಎರಡನ್ನೂ ಒಂದೇ ಗೋಡೆಗೆ ಬಳಿದರು. ಮೇಲೆಲ್ಲ ಬಿಳಿ, ಬುಡಕ್ಕೆ ಒಂದು ಮೊಳ ಕೆಂಪು. ಇದು ಬರೀ ಅಂದಕ್ಕೆ ಮಾಡಿದ್ದಲ್ಲ.

ಆ ಮನೆಗಳಿಗೆ ಕಿಟಕಿ ಕಮ್ಮಿ, ಸಂಜೆಗೆ ಒಂದು ಬುಡ್ಡಿ ದೀಪ. ಬಿಳಿ ಗೋಡೆ ಆ ಬೆಳಕನ್ನ ಮನೆಗೇ ತಿರುಗಿ ಕೊಡುತ್ತದೆ, ಕೆಂಪು ಗೋಡೆ ನುಂಗಿಬಿಡುತ್ತದೆ. ಗೋಡೆಯ ಬುಡದಲ್ಲಿ ಮಾತು ಬೇರೆ. ಸಗಣಿ ಸಾರಿಸೋ ಕೈ ಅಲ್ಲಿಗೆ ತಗಲುತ್ತೆ, ಕಾಲಿನ ಧೂಳು ಹತ್ತುತ್ತೆ, ಬಿಳಿ ಎರಡು ದಿನ ನಿಲ್ಲಲ್ಲ. ಕೆಂಪಿನಲ್ಲಿ ಕೊಳೆ ಕಾಣಲ್ಲ.

ಸುಣ್ಣ ಅನ್ನೋದು ಸಂಸ್ಕೃತದ ಚೂರ್ಣದಿಂದ ಬಂದ ಮಾತು. ತೆಲುಗರಿಗೆ ಸುನ್ನಂ, ತಮಿಳರಿಗೆ ಸುಣ್ಣಾಂಬು. ಮೂರು ಭಾಷೆ ಆಡೋ ನಮ್ಮ ಬೀದೀಲಿ ಈ ಮಾತಿಗೆ ಅರ್ಥ ಹೇಳೋರು ಬೇಕಿಲ್ಲ. ಗೂಡಲ್ಲಿ ಸುಟ್ಟ ಕಲ್ಲಿಗೆ ನೀರು ಹಾಕಿದರೆ ಕೊತಕೊತ ಕುದಿಯುತ್ತದೆ. ಕಣ್ಣಿಗೆ ಸಿಡಿದರೆ ಕಣ್ಣೇ ಹೋದೀತು. ಗೋಡೆಗೆ ಬಳಿದ ಮೇಲೆ ಅದು ಗಾಳಿಯಲ್ಲಿರೋ ಇಂಗಾಲದ ಡೈಆಕ್ಸೈಡನ್ನ ಹೀರಿ ತಿರುಗಿ ಕಲ್ಲೇ ಆಗುತ್ತದೆ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ತುಕ್ಕಿನ ಜಾತಿ, ಬಿಸಿಲಿಗೆ ಮಾಸಲ್ಲ. ಆದರೆ ಕಲ್ಲಾಗಲ್ಲ, ಒರಗಿದರೆ ಬೆನ್ನಿಗೆ ಅಂಟುತ್ತದೆ. ಅದಕ್ಕೇ ಗಂಜಿ ಬೆರೆಸೋದು.

ಈ ಎರಡು ಬಣ್ಣ ಬಡವರದ್ದು ಅಂತ ಮೂಗು ಮುರಿಯೋರಿದ್ದಾರೆ. ಅಜಂತಾ ಗುಹೆಯ ಚಿತ್ರದ ಕೆಂಪೂ ಮಣ್ಣಿನದೇ. ಕುಮಟಾ, ಅಂಕೋಲಾ ಕಡೆ ದೇವಸ್ಥಾನದ ಗೋಡೆಯ ಕಾವಿ ಕಲೆಗೆ ಬೇಕಾದದ್ದು ಸುಣ್ಣದ ಬಿಳಿ, ಕಾವಿಯ ಕೆಂಪು ಅಷ್ಟೆ. 1896ರಲ್ಲಿ ಬೊಂಬಾಯಿಗೆ ಪ್ಲೇಗು ಬಂದಾಗ ಸರ್ಕಾರದವರು ಮನೆಮನೆಗೆ ಸುಣ್ಣ ಹೊಡೆಸಿದರು. 1898ಕ್ಕೆ ಪ್ಲೇಗು ಬೆಂಗಳೂರಿಗೂ ಬಂತು.

ನಾನು ಸೋಬಾನೆ ಹಾಡೋಕೆ ಊರೂರು ತಿರುಗಿದವನು. ಹೊಸ ಸುಣ್ಣದ ಮೇಲೆ ಕೆಮ್ಮಣ್ಣಿನ ಪಟ್ಟೆ ಕಂಡರೆ ಸಾಕು, ಮದುವೆ ಮನೆ ಯಾವುದು ಅಂತ ಯಾರನ್ನೂ ಕೇಳ್ತಿರಲಿಲ್ಲ.

1970ರ ದಶಕದಲ್ಲಿ ಹೊಸೂರಿಗೆ ಸಿಪ್ಕಾಟ್ ಬಂತು, ಕೂಲಿ ಕಾಸಾಯ್ತು, ಸಿಮೆಂಟಿನ ಮನೆ ಎದ್ದವು. ಸಿಮೆಂಟಿಗೆ ಡಬ್ಬಿ ಬಣ್ಣ ಹೊಂದುತ್ತೆ, ನನ್ನ ತಕರಾರಿಲ್ಲ. ಮಣ್ಣಿನ ಗೋಡೆಗೂ ಅದನ್ನೇ ಬಳಿಯೋದು ನೋಡಿದರೆ ಹೊಟ್ಟೆ ಉರಿಯುತ್ತದೆ. ಒಳಗಿನ ತೇವ ಹೊರಗೆ ಬರೋಕೆ ದಾರಿ ಸಿಗದೆ, ಬಣ್ಣ ಮಣ್ಣನ್ನೂ ಕಿತ್ತುಕೊಂಡು ಹಪ್ಪಳದ ಹಾಗೆ ಏಳುತ್ತದೆ. ಸುಣ್ಣ ತೇವವನ್ನ ಹೋಗೋಕೆ ಬಿಡುತ್ತೆ. ಮಕ್ಕಳು ಓದೋ ಕೋಣೆ ಆದರೆ ನಾನಂತೂ ಬಿಳೀನೇ ಹೇಳ್ತೀನಿ, ಬುಡಕ್ಕೆ ಆ ಒಂದು ಮೊಳ ಕೆಂಪು ಬಿಡದಂತೆ.