ಕ್ಯಾಡಿಲಾಕ್‌ಗೆ ಅಂಕ ಹಾಕುವವರು

1971ರ ಕ್ಯಾಡಿಲಾಕ್ ಎಲ್ಡೊರಾಡೊ ಕಾರಿನ ಎಂಜಿನ್ನಿಗೆ 365 ಹಾರ್ಸ್‌ಪವರ್ ಎಂದು ಕಂಪನಿ ಹೇಳಿಕೊಂಡಿತ್ತು. 1972ರ ಎಲ್ಡೊರಾಡೊದಲ್ಲೂ ಅದೇ 500 ಘನ ಇಂಚಿನ, ಅಂದರೆ 8.2 ಲೀಟರಿನ ಎಂಜಿನ್ನು. ಆದರೆ ಕಾಗದದಲ್ಲಿ 235. ಒಂದು ವರ್ಷದಲ್ಲಿ 130 ಕುದುರೆ ಎಲ್ಲಿ ಓಡಿಹೋದವು? ಬಹುಪಾಲು ಎಲ್ಲಿಗೂ ಹೋಗಲಿಲ್ಲ, ಅಳೆಯುವ ರೀತಿ ಬದಲಾಯಿತು ಅಷ್ಟೆ. ಅಲ್ಲಿಯವರೆಗೆ ಅಮೆರಿಕದ ಕಂಪನಿಗಳು ಎಂಜಿನ್ನನ್ನು ಹೊರಗೆ ಸ್ಟ್ಯಾಂಡಿಗೆ ಏರಿಸಿ, ಏರ್ ಫಿಲ್ಟರ್, ಫ್ಯಾನು, ಆಲ್ಟರ್ನೇಟರ್, ಸೈಲೆನ್ಸರು ಯಾವ ಹೊರೆಯೂ ಇಲ್ಲದಂತೆ ಓಡಿಸಿ ಅಳೆಯುತ್ತಿದ್ದವು. ಆಮೇಲೆ ಅವನ್ನೆಲ್ಲ ಜೋಡಿಸಿ, ಕಾರಿನಲ್ಲಿ ಕೂತಂತೆಯೇ ಇಟ್ಟು ಅಳೆಯತೊಡಗಿದವು.

ಮಿಶಿಗನ್‌ನ ಹಳೇ ಕಾರುಗಳ ಮೇಳಗಳಲ್ಲಿ ಇದನ್ನು ನಾನು ಪದೇಪದೇ ವಿವರಿಸಬೇಕಾಗುತ್ತದೆ. ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು ಎಲ್ಡೊರಾಡೊದ ಮುಂದೆ ನಿಂತು, ಫೋನಿನಲ್ಲಿ ಅಂಕಿ ಹುಡುಕಿ, ‘ಎಂಟು ಲೀಟರಿಗೆ ಇಷ್ಟೇನಾ’ ಎಂದು ಮುಂದಿನ ಕಾರಿಗೆ ಹೋಗಿಬಿಡುತ್ತಾರೆ. ನನಗೆ ಸುಮ್ಮನಿರಲು ಆಗುವುದಿಲ್ಲ. ಡೆಟ್ರಾಯಿಟ್‌ನ ಹೊರವಲಯದಲ್ಲಿ ಕಾರಿನ ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳನ್ನು ವಿನ್ಯಾಸ ಮಾಡುವುದರಲ್ಲೇ ನನ್ನ ಸೇವೆಯ ಕಾಲವೆಲ್ಲ ಕಳೆಯಿತು. ಆ ಗಾಡಿಗಳನ್ನು ಮಾಡಿದವರು ಏನನ್ನು ಸಾಧಿಸಲು ಹೊರಟಿದ್ದರೆಂದು ನನ್ನ ಕೈಗೆ ಗೊತ್ತು. ಆದರೂ ಈ ಮಕ್ಕಳ ತೀರ್ಪಿನ ಮೇಲೆ ನನಗೆ ಸಿಟ್ಟಿಲ್ಲ. ಅಮೆರಿಕದಲ್ಲಿ ಹಿಂದಿನವರ ಐಷಾರಾಮಿ ಕಾರಿಗೆ ಮುಂದಿನವರು ಅಂಕ ಹಾಕುವುದು ಹಳೆಯ ಪದ್ಧತಿ. ಹಾಗೆ ಅಂಕ ಹಾಕಿದವರಿಂದಲೇ ಈ ಕಾರುಗಳು ಗುಜರಿಯಿಂದ ಉಳಿದುಕೊಂಡವು.

1952ರಲ್ಲಿ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಅಮೆರಿಕ ಹುಟ್ಟಿತು. 1930ರಲ್ಲಿ ಬಂದ ಹದಿನಾರು ಸಿಲಿಂಡರಿನ ಕ್ಯಾಡಿಲಾಕ್, ಹನ್ನೆರಡು ಸಿಲಿಂಡರಿನ ಪ್ಯಾಕಾರ್ಡ್, ಡ್ಯೂಸನ್‌ಬರ್ಗ್‌ನ ಮಾಡೆಲ್ ಜೆ ಅಷ್ಟುಹೊತ್ತಿಗೆ ಪೆಟ್ರೋಲು ಕುಡಿಯುವ ಹಳೇ ಸಾಮಾನಾಗಿದ್ದವು. ಯುದ್ಧಕಾಲದಲ್ಲಿ ಲೋಹಕ್ಕಾಗಿ ಅಂಥ ಎಷ್ಟೋ ಕಾರುಗಳನ್ನು ಒಡೆದು ಹಾಕಿದ್ದರು. ಉಳಿದದ್ದನ್ನು ಕಾಪಾಡಬೇಕೆಂದು ಕ್ಲಬ್ಬಿನವರು ಗೆರೆ ಎಳೆದರು: 1925ರಿಂದ 1942ರವರೆಗಿನ, ಆಯ್ದ ಮಾದರಿಗಳು ಮಾತ್ರ ‘ಕ್ಲಾಸಿಕ್’. ಆ ಗೆರೆ ಮುಂದೆ 1915ರಿಂದ 1948ರವರೆಗೆ ಹಿಗ್ಗಿತು, ಅದರಾಚೆಗೆ ಬರಲಿಲ್ಲ. ಹಾಗಾಗಿ 1959ರ ಕ್ಯಾಡಿಲಾಕ್ ಇಂದಿಗೂ ಆ ಪಟ್ಟಿಯ ಹೊರಗೆ ನಿಂತಿದೆ.

ಆ 1959ರ ಗಾಡಿಯ ಬಗ್ಗೆ ಸ್ವಲ್ಪ ಹೇಳಬೇಕು. ಲಾಕ್‌ಹೀಡ್ ಪಿ-38 ಯುದ್ಧವಿಮಾನದ ಎರಡು ಬಾಲ ನೋಡಿ ಕ್ಯಾಡಿಲಾಕ್‌ನ ಮಾತೃಸಂಸ್ಥೆ ಜಿಎಂನ ವಿನ್ಯಾಸ ಮುಖ್ಯಸ್ಥ ಹಾರ್ಲಿ ಅರ್ಲ್‌ನ ವಿನ್ಯಾಸಕಾರರು 1948ರ ಕ್ಯಾಡಿಲಾಕ್‌ನ ಹಿಂಬದಿಗೆ ಪುಟ್ಟ ರೆಕ್ಕೆ ಮೂಡಿಸಿದ್ದರು. ಹನ್ನೊಂದು ವರ್ಷದಲ್ಲಿ ಅದು ಬೆಳೆದು, 225 ಇಂಚು ಉದ್ದದ ಕಾರಿನ ಹಿಂದೆ ಕ್ಯಾಡಿಲಾಕ್ ಚರಿತ್ರೆಯಲ್ಲೇ ಅತಿ ಎತ್ತರದ ರೆಕ್ಕೆಯಾಯಿತು. ಹತ್ತು ವರ್ಷ ಕಳೆಯುವುದರೊಳಗೆ ಜನ ಅದನ್ನು ನೋಡಿ ನಗತೊಡಗಿದರು. 1974ರಲ್ಲಿ ಆಂಟ್ ಫಾರ್ಮ್ ಎಂಬ ಯುವ ಕಲಾವಿದರ ತಂಡ ಟೆಕ್ಸಸ್‌ನ ಅಮರಿಲ್ಲೊ ಬಳಿಯ ಹೊಲದಲ್ಲಿ 1949ರಿಂದ 1963ರವರೆಗಿನ ಹತ್ತು ಕ್ಯಾಡಿಲಾಕ್‌ಗಳನ್ನು ಮೂತಿ ಕೆಳಗೆ ಮಾಡಿ ಸಾಲಾಗಿ ಹೂತಿತು. ರೆಕ್ಕೆ ಹುಟ್ಟಿ, ಬೆಳೆದು, ಕರಗಿದ ಕಥೆ ಆ ಸಾಲಿನಲ್ಲೇ ಕಾಣುತ್ತದೆ. ಹಿಂದಿನ ವರ್ಷದ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ತಡೆದು ಪೆಟ್ರೋಲ್ ಬಂಕುಗಳ ಮುಂದೆ ಸಾಲು ನಿಂತಿದ್ದ ಕಾಲ ಅದು. ಆ ಕಾಲದ ತೀರ್ಪು ಹಾಗಿತ್ತು. 1959ರಲ್ಲಿ ಬಾಯಿ ಬಿಟ್ಟುಕೊಂಡು ಅದೇ ಕಾರನ್ನು ನೋಡಿದ್ದ ಶಾಲಾ ಹುಡುಗರು ಮುಂದೆ ಕೈಯಲ್ಲಿ ದುಡ್ಡು ಬಂದಾಗ, ಆ ವರ್ಷ ಕೇವಲ 1,320 ತಯಾರಾಗಿದ್ದ ಎಲ್ಡೊರಾಡೊ ಬಿಯಾರಿಟ್ಜ್‌ಗಾಗಿ ಹರಾಜಿನಲ್ಲಿ ಪೈಪೋಟಿಗೆ ಬಿದ್ದರು. ಕಾರು ಬದಲಾಗಿರಲಿಲ್ಲ.

ಇಂದಿನ ಹುಡುಗರ ಮಾತಿನಲ್ಲಿ ಈ ಗಾಡಿಗಳೆಲ್ಲ ‘ಬೋಟ್’ಗಳು. ತಿರುವಿನಲ್ಲಿ ಒಂದು ಕಡೆ ವಾಲುತ್ತವೆ, ಸ್ಟಿಯರಿಂಗ್‌ನಲ್ಲಿ ರಸ್ತೆಯ ಸುದ್ದಿಯೇ ಕೈಗೆ ಬರುವುದಿಲ್ಲ ಎಂಬುದು ದೂರು. ಎರಡೂ ನಿಜ. ಆದರೆ ಅದು ಎಡವಟ್ಟಿನಿಂದ ಆದದ್ದಲ್ಲ, ಬೇಕೆಂದೇ ಬಹಳ ದುಡ್ಡು ಸುರಿದು ಮಾಡಿದ್ದು. 1956ರಲ್ಲಿ ಐಸೆನ್‌ಹೋವರ್ ಸಹಿ ಹಾಕಿದ ಕಾನೂನು 41,000 ಮೈಲಿ ಹೆದ್ದಾರಿಗೆ ದಾರಿ ಮಾಡಿತು. ನೆಬ್ರಾಸ್ಕದಲ್ಲಿ ಲಿಂಕನ್‌ನಿಂದ ಗ್ರ್ಯಾಂಡ್ ಐಲ್ಯಾಂಡ್‌ವರೆಗಿನ ಇಂಟರ್‌ಸ್ಟೇಟ್ 80 ಸುಮಾರು 72 ಮೈಲಿ ನೂಲು ಹಿಡಿದಂತೆ ನೇರವಾಗಿದೆ. ಅಂಥ ರಸ್ತೆಯಲ್ಲಿ ಇಡೀ ಸಂಸಾರ ಕೂತು ದಿನವಿಡೀ ಹೋಗಬೇಕು, ಇಳಿದಾಗ ಬೆನ್ನು ನೋಯಬಾರದು, ಒಳಗೆ ಮೆಲುದನಿಯಲ್ಲಿ ಮಾತಾಡಿದರೂ ಕೇಳಬೇಕು. ಎಂಜಿನಿಯರುಗಳ ಮುಂದಿದ್ದ ಪ್ರಶ್ನೆ ಅದು.

ಅವರು ಕೊಟ್ಟ ಉತ್ತರವನ್ನು ನಾನು ಇಂದಿಗೂ ಗೌರವದಿಂದ ನೋಡುತ್ತೇನೆ. ಸ್ಪ್ರಿಂಗುಗಳನ್ನು ಎಷ್ಟು ಮೆತ್ತಗಿಟ್ಟರೆಂದರೆ ಕಾರಿನ ಮೈ ಸೆಕೆಂಡಿಗೆ ಸುಮಾರು ಒಂದೇ ಸಲ ಏಳುತ್ತದೆ, ಇಳಿಯುತ್ತದೆ. ಮನುಷ್ಯನ ದೇಹಕ್ಕೆ ಹಿತವಾದ ಲಯ ಅದರ ಹತ್ತಿರದಲ್ಲಿದೆ. ಸ್ಪೋರ್ಟ್ಸ್ ಕಾರಿನಲ್ಲಿ ಅದು ಒಂದೂವರೆ, ಎರಡಕ್ಕೆ ಏರುತ್ತದೆ. ತಿರುವು ಚೆನ್ನಾಗಿ ಹಿಡಿಯುತ್ತದೆ, ಬೆನ್ನು ಪೆಟ್ಟು ತಿನ್ನುತ್ತದೆ. ಎರಡೂ ಒಟ್ಟಿಗೆ ಸಿಗಬೇಕಾದರೆ ಇಂದು ಸೆನ್ಸರು, ಕಂಪ್ಯೂಟರು ಬೇಕು. ಅಂದು ಒಂದನ್ನು ಆರಿಸಿ ಇನ್ನೊಂದನ್ನು ಬಿಡಬೇಕಿತ್ತು. ಚಾಸಿಗೂ ಬಾಡಿಗೂ ನಡುವೆ ರಬ್ಬರಿನ ಮೆತ್ತೆ, ಸಸ್ಪೆನ್ಷನ್ನಿನ ತೋಳುಗಳ ಕೀಲಿಗೆ ದಪ್ಪ ಬುಷ್ಷು, ಎಂಜಿನ್ನಿನ ಕೆಳಗೆ ಇನ್ನೊಂದು ಮೆತ್ತೆ: ರಸ್ತೆಯ ಗದ್ದಲ ಸೀಟಿಗೆ ಬರುವ ದಾರಿಯಲ್ಲಿ ಹೆಜ್ಜೆಹೆಜ್ಜೆಗೂ ತಡೆ ಕಟ್ಟಿದ್ದರು. ರಬ್ಬರಿನ ಗಡಸು ತುಸು ಹೆಚ್ಚಾದರೂ ಟೈರಿನ ಸದ್ದು ಒಳಗೆ ನುಗ್ಗುತ್ತದೆ. ಈ ಕೆಲಸಕ್ಕೆ ಅಂಕ ಹಾಕಬೇಕಾದರೆ ಗಾಡಿಯನ್ನು ವಾರಾಂತ್ಯದ ರೇಸ್ ಟ್ರ್ಯಾಕಿಗೆ ಒಯ್ಯಬಾರದು, ನೇರ ರಸ್ತೆಯಲ್ಲಿ ನಾಲ್ಕು ಗಂಟೆ ಓಡಿಸಬೇಕು.

ಎಲ್ಲ ಮಾತಿನಲ್ಲೂ ಹಳಬರದೇ ಸರಿ ಎಂದು ನಾನು ವಾದಿಸಲಾರೆ. 2009ರಲ್ಲಿ ಇಲ್ಲಿನ ವಿಮಾ ಕಂಪನಿಗಳ ಸುರಕ್ಷತಾ ಸಂಸ್ಥೆ 1959ರ ಶೆವರ್ಲೆ ಬೆಲ್ ಏರ್‌ಗೆ 2009ರ ಮಾಲಿಬುವನ್ನು ಎದುರುಬದುರು ಡಿಕ್ಕಿ ಹೊಡೆಸಿತು. ಹಳೇ ಕಾರಿನ ಮುಂಭಾಗ ಚಾಲಕನ ಎದೆಯವರೆಗೆ ಮಡಚಿಕೊಂಡಿತು. 1959ರ ಕ್ಯಾಡಿಲಾಕ್‌ನ ತಳದಲ್ಲೂ ಬೆಲ್ ಏರ್‌ನಂತೆ ಎಕ್ಸ್ ಆಕಾರದ ಚಾಸಿಯೇ ಇತ್ತು. ‘ಹಿಂದಿನ ಕಾಲದ ಗಟ್ಟಿ ಉಕ್ಕು’ ಎಂದು ಬೀಗುವ ನನ್ನ ವಯಸ್ಸಿನವರಿಗೆ ಆ ವಿಡಿಯೊ ತೋರಿಸಿದ್ದು ಹುಡುಗರೇ. ಒಳ್ಳೆಯ ಕೆಲಸ ಮಾಡಿದರು. 1961ರ ಲಿಂಕನ್ ಕಾಂಟಿನೆಂಟಲ್‌ಗೆ ಅವರು ಪೂರ್ತಿ ಅಂಕ ಕೊಡುವುದೂ ಸರಿಯೇ. ವಿನ್ಯಾಸಕಾರ ಎಲ್ವುಡ್ ಎಂಗಲ್ ಅದನ್ನು ಹಿಂದಿನ ವರ್ಷದ ಗಾಡಿಗಿಂತ ಸುಮಾರು 15 ಇಂಚು ಮೊಟಕು ಮಾಡಿ, ಕ್ರೋಮ್ ಒರೆಸಿ ಹಾಕಿ, ಹಿಂದಿನ ಬಾಗಿಲುಗಳು ಹಿಮ್ಮುಖವಾಗಿ ತೆರೆಯುವಂತೆ ಮಾಡಿದ. ತಯಾರಾದ ಪ್ರತಿ ಗಾಡಿಯನ್ನೂ ಕಾರ್ಖಾನೆಯಿಂದ ಹೊರಗೆ 12 ಮೈಲಿ ಓಡಿಸಿ ನೋಡುತ್ತಿದ್ದರು, 24,000 ಮೈಲಿಯ ವಾರಂಟಿ ಕೊಟ್ಟರು. ದಿ ಮ್ಯಾಟ್ರಿಕ್ಸ್ ಸಿನಿಮಾದಲ್ಲಿ 1965ರ ಕಾಂಟಿನೆಂಟಲ್ ಕಂಡ ಹುಡುಗರಿಗೆ ಯಾರೂ ಏನನ್ನೂ ವಿವರಿಸಬೇಕಾಗಿಲ್ಲ.

ಈ ಚರಿತ್ರೆ ಹೇಳುವವರು ಮರೆಯುವ ಇನ್ನೊಂದು ಗುಂಪಿದೆ. ಮನೆ ಕೊಳ್ಳಲು, ಹೋಟೆಲಿನಲ್ಲಿ ತಂಗಲು ಕಪ್ಪು ಜನರಿಗೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಕ್ಯಾಡಿಲಾಕ್ ಅವರು ದುಡಿದು ಕೊಳ್ಳಬಹುದಾಗಿದ್ದ ಮರ್ಯಾದೆಯಾಗಿತ್ತು. ಅವರು ಯಾಕೆ ಕ್ಯಾಡಿಲಾಕ್ ಕೊಳ್ಳುತ್ತಾರೆಂದು ಎಬೊನಿ ಪತ್ರಿಕೆ 1949ರಲ್ಲೇ ಸಂಪಾದಕೀಯ ಬರೆಯಿತು. ಮುಂದೆ, 1970-80ರ ದಶಕದ ಗಾಡಿಗಳನ್ನು ಸಂಗ್ರಾಹಕರ ಕ್ಲಬ್ಬುಗಳು ಮೂಸಿಯೂ ನೋಡದಿದ್ದಾಗ ಹ್ಯೂಸ್ಟನ್‌ನ ಕಪ್ಪು ಹುಡುಗರು ಅವನ್ನು ಎತ್ತಿಕೊಂಡರು. ಮಿಠಾಯಿಯಂತೆ ಹೊಳೆಯುವ ಬಣ್ಣ ಬಳಿದು, ಡಿಕ್ಕಿಯ ಮೇಲೆ ಐದನೇ ಚಕ್ರ ಏರಿಸಿ, ಪಕ್ಕಕ್ಕೆ ಚಾಚಿದ ಕಡ್ಡಿಚಕ್ರ ಹಾಕಿ ಮೆರೆಸಿದರು. ಆ ಚಕ್ರಗಳ ಮೂಲ 1983 ಮತ್ತು 84ರ ಕ್ಯಾಡಿಲಾಕ್. ಇಂದಿಗೂ ಅಲ್ಲಿ ಅವನ್ನು ಆ ವರ್ಷಗಳ ಅಂಕಿಯಿಂದಲೇ ಕರೆಯುತ್ತಾರೆ. ಲಾಸ್ ಏಂಜಲೀಸ್‌ನಲ್ಲಿ ಮೆಕ್ಸಿಕನ್ ಮೂಲದ ಹುಡುಗರು ಅವನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ ‘ಲೋರೈಡರ್’ ಮಾಡಿಕೊಂಡರು. ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲೇ ಇರಬೇಕೆನ್ನುವ ಶುದ್ಧವಾದಿಗಳಿಗೆ ಇದು ಅಪಚಾರ. ನನ್ನ ಲೆಕ್ಕದಲ್ಲಿ ಇದು ಪ್ರೀತಿ.

ನನ್ನ ಗೆಳೆಯರ ಮಗನೊಬ್ಬನಿದ್ದಾನೆ, ಇಲ್ಲೇ ಹುಟ್ಟಿ ಬೆಳೆದವನು, ಎಂಜಿನ್ ನಿಯಂತ್ರಣದ ಸಾಫ್ಟ್‌ವೇರ್ ಬರೆಯುವುದು ಕೆಲಸ. ಅವನು ಕೊಂಡಿರುವುದು 1981ರ ಫ್ಲೀಟ್‌ವುಡ್ ಬ್ರೋಮ್. ಆ ವರ್ಷದ ಕ್ಯಾಡಿಲಾಕ್‌ಗಳಲ್ಲಿ ಎಂಟು, ಆರು, ನಾಲ್ಕು ಎಂದು ಅಗತ್ಯಕ್ಕೆ ತಕ್ಕಂತೆ ಸಿಲಿಂಡರುಗಳನ್ನು ಮಲಗಿಸುವ, ಎಬ್ಬಿಸುವ ವ್ಯವಸ್ಥೆ ಇತ್ತು. ಜರ್ಕು ಹೊಡೆಯುತ್ತಿದ್ದುದರಿಂದ ಬಹಳ ಮಾಲೀಕರು ವೈರು ಕಿತ್ತಿಸಿ, ಸದಾ ಎಂಟೂ ಓಡುವಂತೆ ಮಾಡಿಕೊಂಡರು. ನಮ್ಮ ಪೀಳಿಗೆ ಆ ಎಂಜಿನ್ನನ್ನು ಕ್ಯಾಡಿಲಾಕ್‌ನ ಅವನತಿಯ ಗುರುತೆಂದೇ ನೋಡಿತು. ಇವನು ಹಿಂದಿನ ಮಾಲೀಕರು ಕಿತ್ತಿದ್ದ ವೈರನ್ನು ಮತ್ತೆ ಜೋಡಿಸಿದ್ದಾನೆ. “ಅಂಕಲ್, ಕಂಪ್ಯೂಟರ್ ನಿಧಾನ ಇತ್ತು, ಅಷ್ಟೆ. ಆಫೀಸಲ್ಲಿ ನಾವೀಗ ಮಾಡ್ತಿರೋದೂ ಇದನ್ನೇ ಅಲ್ವಾ?” ಅವನ ಮಾತು ಸರಿ. ಜಿಎಂ ಕಂಪನಿಯೇ 2005ರ ಹೊತ್ತಿಗೆ ಅದೇ ಉಪಾಯವನ್ನು ವೇಗದ ಕಂಪ್ಯೂಟರಿನೊಂದಿಗೆ ಮತ್ತೆ ತಂದಿತು. ನಮ್ಮವರು ಸೊನ್ನೆ ಹಾಕಿದ್ದ ಕಡೆ ಈ ಹುಡುಗ ಒಳಗೆ ಕೈ ಹಾಕಿ ನೋಡಿ ಅಂಕ ತಿದ್ದಿದ್ದಾನೆ.

ಈಗ ನಮ್ಮಿಬ್ಬರ ನಡುವೆ ಇರುವ ತಕರಾರು ಬುಷ್‌ಗಳದ್ದು. ನಲವತ್ತು ವರ್ಷ ದಾಟಿದ ರಬ್ಬರು ಬಿರುಕು ಬಿಟ್ಟಿದೆ, ಹೊಸದು ಹಾಕಲೇಬೇಕು. ಗಡಸು ಪಾಲಿಯುರೆಥೇನ್ ಹಾಕೋಣ, ವಾಲುವುದು ಕಡಿಮೆಯಾಗುತ್ತದೆ, ಬಾಳಿಕೆಯೂ ಬರುತ್ತದೆ ಎಂಬುದು ಅವನ ಹಟ. ನಾನು ಹಳೇ ಬುಷ್ಷಿನ ಗಡಸು ಅಳೆದು, ಅದು ಹೊಸದರಲ್ಲಿ ಎಷ್ಟಿದ್ದಿರಬೇಕೆಂದು ಲೆಕ್ಕ ಹಾಕಿ, ಅಷ್ಟೇ ಮೆತ್ತಗಿನ ರಬ್ಬರಿಗೆ ಡ್ರಾಯಿಂಗ್ ಬರೆದುಕೊಟ್ಟಿದ್ದೇನೆ. ಎರಡು ಜೊತೆಯನ್ನೂ ತರಿಸಿ, ಒಂದಾದ ಮೇಲೊಂದು ಹಾಕಿ, ಇಂಟರ್‌ಸ್ಟೇಟ್ 96ರಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್‌ವರೆಗೆ ಹೋಗಿ ಬಂದು ತೀರ್ಮಾನ ಮಾಡೋಣ ಎಂದಿದ್ದಾನೆ. ಹಿಂದಿನ ಸೀಟಿನಲ್ಲಿ ಅವನ ಅಮ್ಮನನ್ನು ಕೂರಿಸಬೇಕು, ಅವರ ಬೆನ್ನಿನ ಮಾತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬ ಷರತ್ತಿನ ಮೇಲೆ ಒಪ್ಪಿದ್ದೇನೆ.